ಉಚಿತ ಆನ್‌ಲೈನ್ ಕೋರ್ಸ್ ಮುಗಿಸುವುದು ಹೇಗೆ? ಶಾಲೆ ಮಕ್ಕಳಿಂದ ನಿವೃತ್ತರವರೆಗೆ ಒಂದು ಸಮಗ್ರ ಮಾರ್ಗದರ್ಶಿ

"ಜನವರಿಯಲ್ಲಿ ಸೇರಿದೆ, ಎರಡು ವಾರ ನೋಡಿದೆ, ಆಮೇಲೆ ಹಾಗೇ ನಿಂತುಹೋಯಿತು." ಆನ್‌ಲೈನ್ ಕಲಿಕೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಜಾಸ್ತಿ ಇದೇ. ಇನ್ನು ಕೆಲವರದು ಬೇರೆ ಗೋಳು. ಎಲ್ಲ ಅಸೈನ್‌ಮೆಂಟ್ ಸಲ್ಲಿಸಿದ್ದರೂ ಸರ್ಟಿಫಿಕೇಟ್ ಬರಲಿಲ್ಲ. ಉಚಿತ ಅಂತ ಸೇರಿದರೆ ಸ್ವಲ್ಪ ದಿನಕ್ಕೆ ಖಾತೆಯಿಂದ ಹಣ ಹೋಯಿತು. ಪಾಠ ಕನ್ನಡದಲ್ಲಿ ಓದಿದ್ದೆ, ಪರೀಕ್ಷೆ ನೋಡಿದರೆ ಇಂಗ್ಲಿಷಿನಲ್ಲಿ.

ಇವರಲ್ಲಿ ಹೆಚ್ಚಿನವರು ಎಡವಿರುವುದು ಕೆಲಸದ ಕ್ರಮದಲ್ಲಿ. ಮೊದಲು 'ಎನ್‌ರೋಲ್' ಬಟನ್ ಒತ್ತುತ್ತಾರೆ. ಯಾಕೆ ಕಲಿಯಬೇಕು, ಯಾವ ಹೊತ್ತಿನಲ್ಲಿ ಕೂರಬೇಕು ಅನ್ನುವ ಯೋಚನೆ ಆಮೇಲೆ ಬರುತ್ತದೆ. ಫೀಸು ಕಟ್ಟಿದ ಟ್ಯೂಷನ್ ಬಿಡಲು ಮನಸ್ಸು ಬರುವುದಿಲ್ಲ, ದುಡ್ಡು ಕೊಟ್ಟಿದ್ದೇವಲ್ಲ ಅನ್ನಿಸುತ್ತದೆ. ಉಚಿತ ಕೋರ್ಸಿಗೆ ಆ ಹಿಡಿತವೇ ಇಲ್ಲ. ಅದಕ್ಕೇ ಇಲ್ಲಿ ಸೇರುವ ಕೆಲಸ ಐದನೇ ಹಂತದಲ್ಲಿ ಬರುತ್ತದೆ. ದಯವಿಟ್ಟು ಅಲ್ಲಿಗೆ ಹಾರಬೇಡಿ.

ಹಂತ 1: ಯಾಕೆ ಕಲಿಯುತ್ತಿದ್ದೀರಿ, ಒಂದು ಸಾಲಿನಲ್ಲಿ ಬರೆಯಿರಿ

"ಕಂಪ್ಯೂಟರ್ ಕಲಿಯಬೇಕು" ಅನ್ನುವುದು ಸಾಲದು. "ನಮ್ಮ ಸಂಘದ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ನಲ್ಲಿ ನಾನೇ ಇಡಬೇಕು" ಅಂದರೆ ಸರಿ. "ಮಗಳಿಗೆ ಗಣಿತ ಬರಬೇಕು" ಬೇಡ, "ಮಗಳಿಗೆ ಭಿನ್ನರಾಶಿ ಕೂಡಿಸಲು, ಕಳೆಯಲು ಬರಬೇಕು" ಎಂದು ಬರೆಯಿರಿ. ಮುಗಿದಾಗ ಏನು ಮಾಡಲು ಬರಬೇಕು ಅನ್ನುವುದು ಆ ಸಾಲಿನಲ್ಲಿ ಕಾಣಬೇಕು.

ಇದರ ಜೊತೆಗೆ ಇನ್ನೊಂದು ವಿಷಯ ಈಗಲೇ ತೀರ್ಮಾನ ಆಗಲಿ. ಸರ್ಟಿಫಿಕೇಟ್ ಬೇಕೋ ಬೇಡವೋ? ಬೇಡವೆಂದರೆ ಗಡುವು, ಪರೀಕ್ಷೆ, ಶುಲ್ಕ ಯಾವುದರ ತಲೆನೋವೂ ಇಲ್ಲ, ಹತ್ತು ಮತ್ತು ಹನ್ನೊಂದನೇ ಹಂತವನ್ನು ಓದುವುದೇ ಬೇಡ. ಕೆಲಸಕ್ಕೆ ಅರ್ಜಿ ಹಾಕಲು ಅಥವಾ ಕಾಲೇಜಿನ ಕ್ರೆಡಿಟ್‌ಗಾಗಿ (ಪದವಿಯ ಲೆಕ್ಕಕ್ಕೆ ಸೇರುವ ಕಲಿಕೆಯ ಅಳತೆ) ಬೇಕೆಂದರೆ ಮೊದಲ ದಿನದಿಂದಲೇ ದಾರಿ ಬೇರೆ. ಈ ತೀರ್ಮಾನವನ್ನು ಅರ್ಧ ಕೋರ್ಸ್ ಆದ ಮೇಲೆ ಮಾಡುವವರೇ ಕೊನೆಗೆ ಪೇಚಾಡುವುದು.

ಹಂತ 2: ನಿಮಗೆ ಹೊಂದುವ ತಾಣ ಆರಿಸಿ

ಒಂದೇ ತಾಣ ಎಲ್ಲರಿಗೂ ಆಗುವುದಿಲ್ಲ. ನಾನು ಸಾಮಾನ್ಯವಾಗಿ ಹೇಳುವುದು ಹೀಗೆ.

*ಶಾಲೆಯ ಮಕ್ಕಳಿಗೆ: ದೀಕ್ಷಾ.* ಪಠ್ಯಪುಸ್ತಕದಲ್ಲಿ ಪಾಠದ ಪಕ್ಕ ಒಂದು ಚೌಕಾಕಾರದ ಕ್ಯೂಆರ್ ಕೋಡ್ ಇರುತ್ತದೆ ಅಲ್ವಾ? ಅದು ದೀಕ್ಷಾ ಆ್ಯಪ್‌ನದು. ಆ್ಯಪ್ ಹಾಕಿಕೊಂಡು ಬೋರ್ಡ್ ಕರ್ನಾಟಕ, ಮಾಧ್ಯಮ ಕನ್ನಡ, ತರಗತಿ ಇಷ್ಟು ಆರಿಸಿ, ಆ್ಯಪ್ ಒಳಗಿನ ಸ್ಕ್ಯಾನರ್‌ನಿಂದಲೇ ಕೋಡ್ ಹಿಡಿಯಿರಿ. ಪುಸ್ತಕ ಹಳೆಯದಾಗಿ ಕೋಡ್ ಮಾಸಿದ್ದರೆ ಅದರ ಕೆಳಗೆ ಅಚ್ಚಾಗಿರುವ ಅಕ್ಷರ ಮತ್ತು ಅಂಕಿಗಳನ್ನು ಟೈಪ್ ಮಾಡಿದರೂ ಆ ಪಾಠದ ಸಾಮಗ್ರಿ ತೆರೆಯುತ್ತದೆ. ವಿಡಿಯೋಗಳನ್ನು ಇಳಿಸಿಕೊಂಡು ನೆಟ್ ಇಲ್ಲದಾಗಲೂ ನೋಡಬಹುದು.

*ಗಣಿತದ ಬುಡ ಗಟ್ಟಿಯಾಗಬೇಕಾದವರಿಗೆ: ಖಾನ್ ಅಕಾಡೆಮಿ.* ಗಣಿತದ ಪಾಠಗಳು ಕನ್ನಡದಲ್ಲೂ ಸಿಗುತ್ತವೆ. ಇದರಲ್ಲಿ ವಿಡಿಯೋಗಿಂತ ಅಭ್ಯಾಸದ ಲೆಕ್ಕಗಳೇ ಮುಖ್ಯ. ಏಳನೇ ತರಗತಿಯ ಮಗು ಐದನೇ ತರಗತಿಯ ಪಾಠದಿಂದ ಶುರು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಇದೇ ಅದರ ದೊಡ್ಡ ಉಪಯೋಗ. ತರಗತಿಯಲ್ಲಿ ನಾಚಿಕೆಯಿಂದ ಕೇಳದೆ ಬಿಟ್ಟ ಪ್ರಶ್ನೆಗೆ ಇಲ್ಲಿ ಹತ್ತು ಸಲ ತಪ್ಪು ಉತ್ತರ ಕೊಡಬಹುದು.

*ಪಿಯುಸಿ ಮುಗಿಸಿ ಜೆಇಇ, ನೀಟ್ ಬರೆಯುವವರಿಗೆ: ಸಾಥೀ.* ಐಐಟಿ ಕಾನ್ಪುರ ಮತ್ತು ಕೇಂದ್ರ ಶಿಕ್ಷಣ ಸಚಿವಾಲಯದ ಉಚಿತ ತಯಾರಿ ತಾಣ.

*ಪದವಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಉದ್ಯೋಗಸ್ಥರು, ಅಧ್ಯಾಪಕರಿಗೆ: ಸ್ವಯಂ.* 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ತಾಣ. ಇಲ್ಲಿ ತುಂಬ ಜನರಿಗೆ ಗೊಂದಲ ಆಗುವ ವಿಷಯ ಒಂದಿದೆ. ಸ್ವಯಂ ಒಂದು ಅಂಗಡಿ ಸಾಲಿನ ಹಾಗೆ. ಒಳಗೆ ಕೋರ್ಸುಗಳನ್ನು ನಡೆಸುವ ಬೇರೆ ಬೇರೆ ಸಂಯೋಜಕ ಸಂಸ್ಥೆಗಳಿವೆ: ಎಂಜಿನಿಯರಿಂಗ್ ಮತ್ತು ವಿಜ್ಞಾನಕ್ಕೆ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್, ಮ್ಯಾನೇಜ್‌ಮೆಂಟ್‌ಗೆ ನಮ್ಮ ಐಐಎಂ ಬೆಂಗಳೂರು, ಶಾಲಾ ವಿಷಯಗಳಿಗೆ ಎನ್‌ಸಿಇಆರ್‌ಟಿ ಮತ್ತು ಎನ್‌ಐಒಎಸ್, ಇನ್ನು ಇಗ್ನೊ ಇತ್ಯಾದಿ. ಪರೀಕ್ಷೆಯ ನಿಯಮ ಸಂಯೋಜಕರ ಮೇಲೆ ಬದಲಾಗುತ್ತದೆ. ಹಾಗಾಗಿ ಗೆಳೆಯರು ಹೇಳಿದ ನಿಯಮ ನಿಮ್ಮ ಕೋರ್ಸಿಗೆ ಅನ್ವಯಿಸುತ್ತದೆ ಎಂದು ನಂಬಬೇಡಿ.

*ಕಂಪ್ಯೂಟರ್ ಕೆಲಸ ಕಲಿಯುವ ಯಾರಿಗಾದರೂ: ಸ್ಪೋಕನ್ ಟ್ಯುಟೋರಿಯಲ್.* ಐಐಟಿ ಬಾಂಬೆಯದು. ಲಿಬ್ರೆ ಆಫೀಸ್, ಲಿನಕ್ಸ್, ಪೈಥಾನ್ ಮತ್ತು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಗಳು ಹೀಗೆ ಹಲವು. ಸುಮಾರು ಹತ್ತು ನಿಮಿಷದ ಪಾಠಗಳು, ಎಷ್ಟೋ ಪಾಠಗಳಿಗೆ ಕನ್ನಡ ಧ್ವನಿ ಇದೆ. ಗೃಹಿಣಿಯರಿಗೆ, ನಿವೃತ್ತರಿಗೆ ನಾನು ಮೊದಲು ಹೇಳುವ ತಾಣ ಇದೇ, ಏಕೆಂದರೆ ಗಡುವಿನ ಓಟ ಇಲ್ಲ. ಪರದೆಯ ಮೇಲಿನ ಮೆನು ಇಂಗ್ಲಿಷಿನಲ್ಲೇ ಇರುತ್ತದೆ, ವಿವರಣೆ ಮಾತ್ರ ಕನ್ನಡ. ಇದು ಒಳ್ಳೆಯದೇ. ನಾಳೆ ಆಫೀಸಿನ ಕಂಪ್ಯೂಟರಿನಲ್ಲಿ ಕಾಣುವುದೂ ಆ ಇಂಗ್ಲಿಷ್ ಮೆನುವೇ ತಾನೇ?

*ಪ್ರೋಗ್ರಾಮಿಂಗ್ ಕಲಿಯಬೇಕು, ಇಂಗ್ಲಿಷ್ ತೊಂದರೆ ಇಲ್ಲ ಅನ್ನುವವರಿಗೆ: ಫ್ರೀಕೋಡ್‌ಕ್ಯಾಂಪ್.* ಪಾಠ, ಸರ್ಟಿಫಿಕೇಟ್ ಎರಡೂ ಉಚಿತ.

ಮನೆಯಲ್ಲಿ ನೆಟ್ ಸರಿಯಾಗಿ ಬರುವುದಿಲ್ಲವೇ? ಸ್ವಯಂ ಪ್ರಭಾ ಅನ್ನುವ ಶೈಕ್ಷಣಿಕ ಟಿವಿ ಚಾನೆಲ್‌ಗಳಿವೆ, ಡಿಟಿಎಚ್‌ನಲ್ಲಿ ಉಚಿತ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ. ಹಳೆಯ ಗ್ರಂಥಾಲಯ ಅಂದುಕೊಂಡು ಒಳಗೆ ಕಾಲಿಡದವರೇ ಜಾಸ್ತಿ, ಆದರೆ ಹಲವು ಕಡೆ ಈಗ ಕಂಪ್ಯೂಟರ್ ಇದೆ.

ಎಚ್ಚರಿಕೆ: ಒಂದು ವಿಷಯಕ್ಕೆ ಒಂದೇ ತಾಣ. ಮೂರು ತಾಣದಲ್ಲಿ ಒಂದೇ ವಿಷಯದ ಮೊದಲ ಪಾಠ ನೋಡಿದರೆ ಮೂರು ಸಲ ಪರಿಚಯ ಆಗುತ್ತದೆ, ಕಲಿಕೆ ಮುಂದೆ ಹೋಗುವುದಿಲ್ಲ.

ಹಂತ 3: ಬೇಕಾದ ಸಾಮಗ್ರಿ ಹೊಂದಿಸಿ

ಮೊಬೈಲ್ ಸಾಕೇ? ಕೇಳುವ, ಓದುವ ವಿಷಯಗಳಿಗೆ ಸಾಕು. ಇತಿಹಾಸ, ಅರ್ಥಶಾಸ್ತ್ರ, ಶಾಲಾ ಪಾಠ ಎಲ್ಲ ಮೊಬೈಲಿನಲ್ಲೇ ನಡೆಯುತ್ತದೆ. ಕೈಯಿಂದ ಮಾಡಿ ಕಲಿಯುವ ಕಂಪ್ಯೂಟರ್ ವಿಷಯಗಳಿಗೆ ಮೊಬೈಲ್ ಆಗುವುದಿಲ್ಲ. ಮೊಬೈಲಿನಲ್ಲಿ ಪೈಥಾನ್ ವಿಡಿಯೋ ನೋಡುವವರು ಪೈಥಾನ್ ನೋಡುತ್ತಾರೆ ಅಷ್ಟೆ, ಬರೆಯುವುದಿಲ್ಲ. ಸ್ವಂತ ಕಂಪ್ಯೂಟರ್ ಇಲ್ಲದಿದ್ದರೆ ವಾರಕ್ಕೆ ಎರಡು ದಿನ ಕಾಲೇಜಿನ ಲ್ಯಾಬ್ ಅಥವಾ ಗ್ರಂಥಾಲಯ ಸಿಗುತ್ತದೆಯೇ ನೋಡಿಕೊಂಡು ಆಮೇಲೆ ಕೋರ್ಸ್ ಆರಿಸಿ.

ಜೊತೆಗೆ ಬೇಕಾದ್ದು ಇಷ್ಟು:

- ಒಂದು ನೋಟ್‌ಬುಕ್. ಮೊಬೈಲಿನ ನೋಟ್ಸ್ ಆ್ಯಪ್ ಅಲ್ಲ, ಕಾಗದದ್ದೇ. ವಿಡಿಯೋ ನಡೆಯುವ ಪರದೆಯಲ್ಲೇ ಬರೆಯಲು ಹೋದರೆ ಎರಡೂ ಕೆಡುತ್ತದೆ.
- ಇಯರ್‌ಫೋನ್. ಮನೆಯಲ್ಲಿ ಟಿವಿ ನಡೆಯುತ್ತಿದ್ದರೆ ಇದು ಬೇಕೇ ಬೇಕು.
- ಕಲಿಕೆಗೇ ಒಂದು ಇಮೇಲ್, ಅದರ ಪಾಸ್‌ವರ್ಡ್ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ. ಪಾಸ್‌ವರ್ಡ್ ಬರೆದಿಡಬಾರದು ಅನ್ನುತ್ತಾರೆ, ಸರಿ. ಆದರೆ ಹಿರಿಯರಲ್ಲಿ ಎಷ್ಟೋ ಜನ ಕೋರ್ಸ್ ಬಿಡುವುದು ಪಾಸ್‌ವರ್ಡ್ ಮರೆತು. ಬ್ಯಾಂಕಿಗೆ ಕೊಟ್ಟಿರದ ಇಮೇಲ್ ಆಗಿದ್ದರೆ ಮನೆಯೊಳಗಿನ ಪುಸ್ತಕದಲ್ಲಿ ಬರೆದಿಟ್ಟರೆ ನಷ್ಟವಿಲ್ಲ.
- ಡೇಟಾ. ವಿಡಿಯೋದ ಗುಣಮಟ್ಟವನ್ನು 360ಪಿಗೆ ಇಳಿಸಿ. ಬೋರ್ಡಿನ ಮೇಲಿನ ಅಕ್ಷರ ಕಾಣದಿದ್ದಾಗ ಮಾತ್ರ ಏರಿಸಿ. ಚಿಕ್ಕ ಮಕ್ಕಳಿಗೆ ಮೊದಲೇ ಇಳಿಸಿಟ್ಟು ನೆಟ್ ಆಫ್ ಮಾಡಿ ಕೊಡಿ. ಪಾಠದ ನಡುವೆ ಗೇಮ್‌ಗೆ ಹಾರುವುದು ಅಲ್ಲಿಗೆ ನಿಲ್ಲುತ್ತದೆ.

ಹಂತ 4: ಸೇರುವ ಮೊದಲು ಒಂದು ವಾರದ ಪಾಠ ನೋಡಿ

ಇದನ್ನು ಮಾಡುವವರು ತುಂಬ ಕಡಿಮೆ. ಆದರೆ ಮಾಡಿದವರು ಕೋರ್ಸಿನಲ್ಲಿ ಕೊನೆಯವರೆಗೆ ಉಳಿಯುವುದು ಹೆಚ್ಚಾಗಿ ಇದೊಂದು ಹಂತದಿಂದ.

ಸ್ವಯಂನಲ್ಲಿ ಯಾವ ಕೋರ್ಸಿನ ಪುಟ ತೆರೆದರೂ ಲಾಗಿನ್ ಆಗದೆಯೇ ಕೆಲವು ವಿವರ ಕಾಣುತ್ತವೆ: ಎಷ್ಟು ವಾರ, ಯಾರಿಗಾಗಿ, ಮೊದಲೇ ಏನು ಗೊತ್ತಿರಬೇಕು, ವಾರವಾರದ ಪಾಠಗಳ ಪಟ್ಟಿ. 'ಮೊದಲೇ ಏನು ಗೊತ್ತಿರಬೇಕು' ಅನ್ನುವ ಸಾಲನ್ನು ಎರಡು ಸಲ ಓದಿ. ಮಷೀನ್ ಲರ್ನಿಂಗ್ ಕೋರ್ಸಿನಲ್ಲಿ ಅಲ್ಲಿ ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಎಂದು ಗಣಿತದ ವಿಷಯಗಳ ಹೆಸರಿದ್ದರೆ ಅದು ಬರೀ ಮಾತಿಗೆ ಹಾಕಿದ್ದಲ್ಲ. ಎರಡನೇ ವಾರದಲ್ಲೇ ತಡೆಯುತ್ತದೆ.

ಎನ್‌ಪಿಟೆಲ್‌ನ ಹಳೆಯ ಕೋರ್ಸುಗಳ ವಿಡಿಯೋ ಅದರ ತಾಣದಲ್ಲೂ ಯೂಟ್ಯೂಬಿನಲ್ಲೂ ಸುಮ್ನೆ ತೆರೆದೇ ಇರುತ್ತವೆ. ನಿಮಗೆ ಬೇಕಾದ ವಿಷಯದ ಹಳೆಯ ಆವೃತ್ತಿ ಹುಡುಕಿ ಮೊದಲ ವಾರದ ಎಲ್ಲ ಉಪನ್ಯಾಸ ನೋಡಿ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಮೇಷ್ಟ್ರ ಮಾತು ನನಗೆ ಹಿಡಿಸುತ್ತದೆಯೇ? ಅರ್ಧದಷ್ಟಾದರೂ ಅರ್ಥ ಆಯಿತೇ? ಈ ವಾರ ಇಷ್ಟು ಹೊತ್ತು ಕೊಡಲು ನಿಜವಾಗಿ ಆಯಿತೇ?

ಮೂರನೆಯದಕ್ಕೆ 'ಇಲ್ಲ' ಬಂದರೆ 12 ವಾರದ ಕೋರ್ಸ್ ಬಿಟ್ಟು 4 ವಾರದ್ದಕ್ಕೆ ಬನ್ನಿ. ಎನ್‌ಪಿಟೆಲ್‌ನಲ್ಲಿ 4, 8, 12 ವಾರದ ಕೋರ್ಸುಗಳಿವೆ. ಮೊದಲ ಸಲಕ್ಕೆ 12 ವಾರದ್ದು ಹಿಡಿಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಸೆಮಿಸ್ಟರ್ ಕ್ರೆಡಿಟ್‌ಗಾಗಿ ಕಾಲೇಜೇ ಹೇಳಿದ್ದರೆ ಅದು ಬೇರೆ ಮಾತು.

ಇಂಗ್ಲಿಷ್ ತಡೆಯುತ್ತಿದೆ ಅಂದರೆ ಒಂದು ಉಪಾಯ ಇದೆ. ಎನ್‌ಪಿಟೆಲ್‌ನ ಎಷ್ಟೋ ಕೋರ್ಸುಗಳ ಉಪನ್ಯಾಸಗಳನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಿ ಇಟ್ಟಿದ್ದಾರೆ, ಕನ್ನಡವೂ ಇದೆ. ಮೊದಲು ಕನ್ನಡದ ಪಠ್ಯ ಓದಿ, ಆಮೇಲೆ ಇಂಗ್ಲಿಷ್ ವಿಡಿಯೋ ನೋಡಿ. ನೋಟ್ಸಿನಲ್ಲಿ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಬರೆದುಕೊಳ್ಳಿ, ವಿವರಣೆ ಕನ್ನಡದಲ್ಲಿರಲಿ. ಪರೀಕ್ಷೆಯ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಾಗ ಕೈಹಿಡಿಯುವುದು ಆ ಪದಗಳೇ.

ಹಂತ 5: ಈಗ ಸೇರಿ. ಹೆಸರು ಮತ್ತು ಹಣದ ವಿಷಯದಲ್ಲಿ ಹುಷಾರು

ಹೆಸರು. ನಮ್ಮಲ್ಲಿ ಇನಿಶಿಯಲ್ ದೊಡ್ಡ ರಗಳೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಕಾಲೇಜಿನಲ್ಲಿ ತಂದೆಯ ಪೂರ್ತಿ ಹೆಸರು. ಸರ್ಟಿಫಿಕೇಟ್ ಬೇಕಿದ್ದರೆ ಪರೀಕ್ಷೆಗೆ ತೋರಿಸುವ ಗುರುತಿನ ಚೀಟಿಯಲ್ಲಿ ಇರುವ ಹಾಗೇ ಹೆಸರು ಹಾಕಿ. ಅಡ್ಡಹೆಸರು, ಬರೀ ಸಣ್ಣ ಅಕ್ಷರ, ಇಮೋಜಿ ಯಾವುದೂ ಬೇಡ.

ತಾಣದ ವಿಳಾಸ. ಸ್ವಯಂ ಮತ್ತು ದೀಕ್ಷಾದ ವಿಳಾಸಗಳು 'ಗವ್ ಡಾಟ್ ಇನ್' ಎಂದು ಮುಗಿಯುತ್ತವೆ, ಎನ್‌ಪಿಟೆಲ್‌ನದು 'ಎಸಿ ಡಾಟ್ ಇನ್'. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ ಸೇರಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ.

ಹಣ. ಖಾಸಗಿ ತಾಣಗಳಲ್ಲಿ 'ಫ್ರೀ' ಅನ್ನುವುದಕ್ಕೂ 'ಫ್ರೀ ಟ್ರಯಲ್' ಅನ್ನುವುದಕ್ಕೂ ತುಂಬ ವ್ಯತ್ಯಾಸ ಇದೆ. ಸೇರುವಾಗಲೇ ಕಾರ್ಡ್ ನಂಬರ್ ಅಥವಾ ಯುಪಿಐ ಆಟೋಪೇ ಒಪ್ಪಿಗೆ ಕೇಳಿದರೆ ಅದು ಟ್ರಯಲ್. ಟ್ರಯಲ್ ಮುಗಿದ ದಿನ ಹಣ ತಾನಾಗಿ ಹೋಗುತ್ತದೆ. ಈಗಾಗಲೇ ಒಪ್ಪಿಗೆ ಕೊಟ್ಟಿದ್ದೀರಾ? ಮೊಬೈಲಿನಿಂದ ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಆ ತಾಣದ ಖಾತೆಯೊಳಗೆ ಹೋಗಿ ಚಂದಾ ರದ್ದು ಮಾಡಬೇಕು. ಜೊತೆಗೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ 'ಆಟೋಪೇ' ಎಂಬ ಭಾಗ ತೆರೆದು ಅಲ್ಲೂ ಒಪ್ಪಿಗೆ ಹಿಂಪಡೆಯಿರಿ.

ಇಮೇಲ್. ಎನ್‌ಪಿಟೆಲ್ ಕೋರ್ಸಿನ ಎಲ್ಲ ಸೂಚನೆ ಇಮೇಲ್‌ನಲ್ಲೇ ಬರುತ್ತದೆ. ಮೊದಲ ಸೂಚನೆ ಬಂದ ದಿನವೇ ಅದು ಪ್ರಮೋಷನ್ ಅಥವಾ ಸ್ಪ್ಯಾಮ್ ಡಬ್ಬಿಗೆ ಬಿದ್ದಿದೆಯೇ ನೋಡಿ, ಬಿದ್ದಿದ್ದರೆ ಇನ್‌ಬಾಕ್ಸಿಗೆ ಎಳೆದು ಹಾಕಿ. ಪರೀಕ್ಷೆ ನೋಂದಣಿ ತಪ್ಪಿಹೋಯಿತು ಅನ್ನುವವರ ಸ್ಪ್ಯಾಮ್ ಡಬ್ಬಿಯಲ್ಲಿ ಆ ನೋಂದಣಿಯ ಸೂಚನೆ ಸಿಗುವುದು ಅಪರೂಪವೇನಲ್ಲ.

ಹಂತ 6: ವಾರದ ಹೊತ್ತು ಗೊತ್ತುಮಾಡಿ

"ಬಿಡುವಾದಾಗ ನೋಡ್ತೀನಿ" ಅಂದರೆ ನೋಡಿದ ಹಾಗಾಯಿತು! ದಿನ ಮತ್ತು ಗಂಟೆ ಹೆಸರಿಸಿ, ಮನೆಯವರಿಗೂ ಹೇಳಿ. ಅಡುಗೆಮನೆ ಕೆಲಸ ಮುಗಿಯುವ ಮಧ್ಯಾಹ್ನದ ಹೊತ್ತು, ಬೆಳಗಿನ ವಾಕಿಂಗ್ ಮುಗಿಸಿ ಬಂದ ಮೇಲಿನ ಅರ್ಧ ಗಂಟೆ, ಹಾಸ್ಟೆಲಿನಲ್ಲಿ ಊಟಕ್ಕೆ ಮುಂಚಿನ ಒಂದು ಗಂಟೆ, ಯಾವುದಾದರೂ ಸರಿ. ಭಾನುವಾರಕ್ಕೆ ಎಲ್ಲವನ್ನೂ ಹೊರಿಸಬೇಡಿ. ಮದುವೆ, ಗೃಹಪ್ರವೇಶ, ನೆಂಟರು ಬರುವುದೂ ಭಾನುವಾರವೇ.

ಮಕ್ಕಳಿಗೆ ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಬೇಕು. ಕಲಿಸಲು ಬರಬೇಕೆಂದೇನಿಲ್ಲ. ಮುಗಿದ ಮೇಲೆ "ಈಗ ನನಗೆ ಹೇಳಿಕೊಡು" ಎಂದು ಕೇಳಿದರೆ ಆಯಿತು.

ಹಂತ 7: ಒಂದು ವಿಡಿಯೋ ನೋಡುವ ಕ್ರಮ

ನೋಡಿದ್ದೆಲ್ಲ ತಲೆಗೆ ಹತ್ತುವುದಿಲ್ಲ. ಅರ್ಧ ಗಂಟೆಯ ಒಂದು ಉಪನ್ಯಾಸವನ್ನು ಹೀಗೆ ನೋಡಿ.

ಮೊದಲು ಶೀರ್ಷಿಕೆ ಓದಿ, ಆ ವಿಷಯದಲ್ಲಿ ನಿಮಗೆ ಈಗಾಗಲೇ ಗೊತ್ತಿರುವುದನ್ನು ಎರಡು ಸಾಲಿನಲ್ಲಿ ಬರೆಯಿರಿ. ತಪ್ಪಿದ್ದರೂ ಪರವಾಗಿಲ್ಲ. ಎಂಟು ಹತ್ತು ನಿಮಿಷ ನೋಡಿ ನಿಲ್ಲಿಸಿ. ಪರದೆ ನೋಡದೆ ಈವರೆಗೆ ಏನಾಯಿತು ಎಂದು ನಿಮ್ಮ ಮಾತಿನಲ್ಲಿ ಬರೆಯಿರಿ. ಬರೆಯಲು ಬರದಿದ್ದರೆ ಹಿಂದಕ್ಕೆ ಹೋಗಿ. ಹೀಗೆ ಮಾಡಿದರೆ ಅರ್ಧ ಗಂಟೆಯ ವಿಡಿಯೋಗೆ ಒಂದು ಗಂಟೆ ಹಿಡಿಯುತ್ತದೆ, ಅಷ್ಟು ಹಿಡಿಯಲೇಬೇಕು. ಲೆಕ್ಕ ಬಿಡಿಸುವ ಕಡೆ ಮೇಷ್ಟ್ರು ಪ್ರಶ್ನೆ ಬರೆದ ತಕ್ಷಣ ನಿಲ್ಲಿಸಿ ನೀವು ಬಿಡಿಸಿ, ಆಮೇಲೆ ಅವರ ಉತ್ತರ ನೋಡಿ.

ಕಂಪ್ಯೂಟರ್ ಪಾಠಕ್ಕೆ ಕ್ರಮ ಸ್ವಲ್ಪ ಬೇರೆ. ಸ್ಪೋಕನ್ ಟ್ಯುಟೋರಿಯಲ್‌ನವರೇ ಹೇಳುವ ಪದ್ಧತಿ ಇದು: ಪರದೆಯ ಒಂದು ಅರ್ಧದಲ್ಲಿ ವಿಡಿಯೋ, ಇನ್ನೊಂದು ಅರ್ಧದಲ್ಲಿ ತಂತ್ರಾಂಶ. ಕ್ಯಾಲ್ಕ್ (ಲಿಬ್ರೆ ಆಫೀಸ್‌ನ ಸ್ಪ್ರೆಡ್‌ಶೀಟ್) ಪಾಠದಲ್ಲಿ "ಈ ಕಾಲಮ್ಮಿನ ಮೊತ್ತ ಹಾಕೋಣ" ಎಂದ ಕೂಡಲೇ ವಿಡಿಯೋ ನಿಲ್ಲಿಸಿ. ಪಕ್ಕದ ಹಾಳೆಯಲ್ಲಿ ನಿಮ್ಮ ಮನೆಯ ಹಾಲು, ದಿನಸಿ, ಕರೆಂಟ್ ಬಿಲ್ಲಿನ ಅಂಕಿಗಳನ್ನು ಹಾಕಿ ಅದೇ ಸೂತ್ರ ಬರೆಯಿರಿ. ಎಂಟರ್ ಒತ್ತಿ, ಕೈಲೆಕ್ಕದ ಮೊತ್ತಕ್ಕೆ ತಾಳೆ ಆಯಿತೇ ನೋಡಿ, ಮುಂದಕ್ಕೆ ಹೋಗಿ.

ಕಲಿಕೆ ಹಳಿ ತಪ್ಪುತ್ತಿದೆ ಅನ್ನುವುದಕ್ಕೆ ಗುರುತುಗಳು: ವೇಗವನ್ನು ಎರಡು ಪಟ್ಟು ಮಾಡಿ ಒಂದೇ ಸಲ ಕೂತು ಐದು ವಿಡಿಯೋ ನೋಡುವುದು. ಹತ್ತು ದಿನದಿಂದ ನೋಟ್‌ಬುಕ್ ತೆರೆಯದಿರುವುದು. ಎಲ್ಲಕ್ಕಿಂತ ಖಚಿತವಾದದ್ದು, ಈ ಕೋರ್ಸ್ ಕಷ್ಟವಾದ ವಾರವೇ ಇನ್ನೊಂದು ಕೋರ್ಸಿಗೆ ಸೇರುವುದು. ಹೊಸದಕ್ಕೆ ಸೇರಿದ ಖುಷಿಯಲ್ಲಿ ಹಳೆಯದು ಮರೆತುಹೋಗುತ್ತದೆ.

ಹಂತ 8: ಅಸೈನ್‌ಮೆಂಟ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಎನ್‌ಪಿಟೆಲ್‌ನಲ್ಲಿ ಪ್ರತಿ ವಾರದ ಅಸೈನ್‌ಮೆಂಟಿಗೂ ಗಡುವು ಇರುತ್ತದೆ, ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಒಂದು ನಿಮಿಷ ತಡವಾದರೂ ಪುಟ ಮುಚ್ಚಿಕೊಳ್ಳುತ್ತದೆ.

ಒಳ್ಳೆಯ ಸುದ್ದಿಯೂ ಇದೆ. ಗಡುವಿನ ಒಳಗೆ ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು, ಕೊನೆಯ ಸಲ್ಲಿಕೆ ಲೆಕ್ಕಕ್ಕೆ. ಹಾಗಾಗಿ ಭಾನುವಾರವೇ ಒಂದು ಸಲ ಸಲ್ಲಿಸಿ ಇಟ್ಟುಕೊಳ್ಳಿ. ಆಮೇಲೆ ಸಂದೇಹ ಇದ್ದ ಉತ್ತರ ತಿದ್ದಿ ಮತ್ತೆ ಸಲ್ಲಿಸಿ. ನೆಟ್ ಕೈಕೊಟ್ಟರೂ ಮೊದಲಿನದು ಇರುತ್ತದೆ.

ಎಲ್ಲ ಉತ್ತರ ಗುರುತಿಸಿ 'ಸಬ್‌ಮಿಟ್' ಒತ್ತದೆ ಪುಟ ಮುಚ್ಚುವವರು ತುಂಬ ಜನ. ಸಲ್ಲಿಸಿದ ಮೇಲೆ ಪುಟದ ಮೇಲ್ಭಾಗ ನೋಡಿ. "ನೀವು ಈ ಅಸೈನ್‌ಮೆಂಟ್ ಸಲ್ಲಿಸಿಲ್ಲ" ಎಂಬ ಅರ್ಥದ ಇಂಗ್ಲಿಷ್ ಸಾಲು ಇನ್ನೂ ಅಲ್ಲೇ ಇದ್ದರೆ ಸಲ್ಲಿಕೆ ಆಗಿಲ್ಲ ಎಂದೇ. ಸಲ್ಲಿಕೆಯಾದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಶುರುವಿನಲ್ಲಿ ಬರುವ 'ವೀಕ್ ಝೀರೋ' ಅಸೈನ್‌ಮೆಂಟ್ ಅಂಕಕ್ಕೆ ಸೇರುವುದಿಲ್ಲ. ಅದು ನಿಮ್ಮ ಪೂರ್ವತಯಾರಿ ನೋಡುವುದಕ್ಕೆ. ಅದರಲ್ಲೇ ತಿಣುಕಾಡಿದರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

ಇನ್ನು ಉತ್ತರ ನಕಲು. ಯೂಟ್ಯೂಬಿನಲ್ಲಿ, ಟೆಲಿಗ್ರಾಮಿನಲ್ಲಿ "ಮೂರನೇ ವಾರದ ಉತ್ತರಗಳು" ಎಂದು ಹುಡುಕಿದರೆ ಸಿಗುತ್ತವೆ. ನೀತಿಯ ಮಾತು ಬಿಡಿ, ಲೆಕ್ಕ ನೋಡಿ. ಒಟ್ಟು 100 ಅಂಕದಲ್ಲಿ ಅಸೈನ್‌ಮೆಂಟಿಗೆ 25, ಕೊನೆಯ ಪರೀಕ್ಷೆಗೆ 75. ಸರ್ಟಿಫಿಕೇಟ್ ಬರಬೇಕಾದರೆ ಅಸೈನ್‌ಮೆಂಟಿನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30, ಎರಡೂ ಬೇಕು. ನಕಲು ಮಾಡಿ 25ಕ್ಕೆ 25 ತೆಗೆದು ಪರೀಕ್ಷೆಯಲ್ಲಿ 28 ಬಂದರೆ ಒಟ್ಟು 53 ಆಗುತ್ತದೆ, ಆದರೆ ಸರ್ಟಿಫಿಕೇಟ್ ಇಲ್ಲ. ಸ್ವಂತವಾಗಿ ಮಾಡಿ ಅಸೈನ್‌ಮೆಂಟಿನಲ್ಲಿ 14, ಪರೀಕ್ಷೆಯಲ್ಲಿ 34 ಬಂದವರ ಒಟ್ಟು 48. ಅವರಿಗೆ ಸರ್ಟಿಫಿಕೇಟ್ ಸಿಗುತ್ತದೆ. ಅಸೈನ್‌ಮೆಂಟ್ ಎಲ್ಲ ಮಾಡಿದ್ದೆ, ಆದರೂ ಬರಲಿಲ್ಲ ಅನ್ನುವವರ ಕಥೆ ಬಹುಪಾಲು ಇದೇ.

ಹಂತ 9: ಹಿಂದೆ ಬಿದ್ದರೆ

ಜ್ವರ ಬರುತ್ತದೆ, ಊರಿಗೆ ಹೋಗಬೇಕಾಗುತ್ತದೆ, ಕಾಲೇಜಿನಲ್ಲಿ ಇಂಟರ್ನಲ್ಸ್ ಬರುತ್ತದೆ. ಎರಡು ವಾರ ತಪ್ಪಿತು. ಹೆಚ್ಚಿನವರು ಏನು ಮಾಡುತ್ತಾರೆ? ತಪ್ಪಿದ ವಾರದಿಂದ ಮತ್ತೆ ಶುರು ಮಾಡುತ್ತಾರೆ. ಅದನ್ನು ಮುಗಿಸುವಷ್ಟರಲ್ಲಿ ಈ ವಾರದ ಗಡುವೂ ಹೋಗಿರುತ್ತದೆ. ಆಮೇಲೆ ಕೈಚೆಲ್ಲುತ್ತಾರೆ.

ಹಾಗೆ ಮಾಡಬೇಡಿ. ಎನ್‌ಪಿಟೆಲ್‌ನ 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟುಗಳ ಸರಾಸರಿ ಮಾತ್ರ ಲೆಕ್ಕಕ್ಕೆ ಬರುತ್ತದೆ. 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3. ಅಂದರೆ ಜಾರಲು ಅವರೇ ಜಾಗ ಬಿಟ್ಟಿದ್ದಾರೆ. ಮೊದಲು ಈ ವಾರದ ಪಾಠ ನೋಡಿ ಅಸೈನ್‌ಮೆಂಟ್ ಸಲ್ಲಿಸಿ. ಹಳೆಯ ವಾರ ಅರ್ಥವಾಗದೆ ಇದು ಅರ್ಥವಾಗದಿದ್ದರೆ ಹಳೆಯ ಉಪನ್ಯಾಸದ ಪಠ್ಯವನ್ನು ಓದಿ, ವಿಡಿಯೋ ಬೇಡ. ಓದುವುದು ಬೇಗ ಆಗುತ್ತದೆ. ತಪ್ಪಿದ ವಿಡಿಯೋಗಳನ್ನು ಪರೀಕ್ಷೆಗೆ ಮುಂಚಿನ ಬಿಡುವಿನಲ್ಲಿ ನೋಡಿ.

ಗಡುವಿಲ್ಲದ ತಾಣಗಳಲ್ಲಿ ಹಿಂದೆ ಬೀಳುವುದು ಎಂಬುದೇ ಇಲ್ಲ. ಅಲ್ಲಿ ನಿಂತುಹೋದರೆ ಕೊನೆಯ ಪಾಠವನ್ನು ಇನ್ನೊಮ್ಮೆ ಮಾಡಿ ಮುಂದುವರಿಯಿರಿ.

ಹಂತ 10: ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಿ

ಕೋರ್ಸಿಗೆ ಸೇರಿದರೆ ಪರೀಕ್ಷೆಗೆ ಸೇರಿದ ಹಾಗಲ್ಲ. ಎರಡೂ ಬೇರೆ. ಕಲಿಯಲು ಹಣವಿಲ್ಲ, ಪರೀಕ್ಷೆಗೆ ಶುಲ್ಕ ಇದೆ. ಎನ್‌ಪಿಟೆಲ್‌ನಲ್ಲಿ ಒಂದು ಕೋರ್ಸಿಗೆ 1,000 ರೂಪಾಯಿ ಎಂದು ಲೆಕ್ಕ ಹಾಕಿಟ್ಟುಕೊಳ್ಳಿ, ಕಟ್ಟುವ ಮೊದಲು ಆ ಅವಧಿಯ ಸೂಚನೆ ಓದಿ. ಕೋರ್ಸ್ ನಡೆಯುತ್ತಿರುವಾಗಲೇ ನೋಂದಣಿ ತೆರೆದು, ಕೋರ್ಸ್ ಮುಗಿಯುವ ಮೊದಲೇ ಮುಚ್ಚುತ್ತದೆ. ಎಲ್ಲ ಪಾಠ ಮುಗಿಸಿ ಆಮೇಲೆ ಕಟ್ಟೋಣ ಅಂದುಕೊಂಡವರಿಗೆ ಬಾಗಿಲು ಮುಚ್ಚಿರುತ್ತದೆ. ಸೇರಿದ ದಿನವೇ ಪರೀಕ್ಷೆಯ ದಿನಾಂಕ ಮತ್ತು ನೋಂದಣಿಯ ಕೊನೆಯ ದಿನಾಂಕ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಫಾರಂ ತುಂಬುವಾಗ ಕ್ರಮ ಹೀಗಿರಲಿ. ಕೋರ್ಸಿಗೆ ಸೇರಿದ ಅದೇ ಇಮೇಲ್‌ನಿಂದ ಲಾಗಿನ್ ಆಗಿ. ಬೇರೆ ಇಮೇಲ್ ಬಳಸಿದರೆ ಅಸೈನ್‌ಮೆಂಟ್ ಅಂಕ ಪರೀಕ್ಷೆಗೆ ಕೂಡಿಕೊಳ್ಳುವುದಿಲ್ಲ. ಹೆಸರು, ಫೋಟೋ ನೋಡಿಕೊಳ್ಳಿ. ಊರಿನ ಪಟ್ಟಿಯಲ್ಲಿ ಹತ್ತಿರದ ಕೇಂದ್ರ ಆರಿಸಿ. ತಡ ಮಾಡಿದರೆ ಹತ್ತಿರದ ಊರಿನ ಸೀಟು ಭರ್ತಿಯಾಗಿ ದೂರ ಹೋಗಬೇಕಾಗಬಹುದು. ಹಣ ಕಟ್ಟಿದ ರಸೀದಿ ಇಟ್ಟುಕೊಳ್ಳಿ.

ಪರೀಕ್ಷೆ ಮನೆಯಲ್ಲಿ ಅಲ್ಲ. ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು, ಕಂಪ್ಯೂಟರಿನಲ್ಲಿ, ಮೂರು ಗಂಟೆ ಬರೆಯಬೇಕು. ಹಾಲ್ ಟಿಕೆಟ್ ಮುದ್ರಿಸಿ ಒಯ್ಯಿರಿ, ಗುರುತಿನ ಚೀಟಿ ಮೂಲವೇ ಇರಲಿ. ಮೌಸ್ ಹಿಡಿದು ಅಭ್ಯಾಸ ಇಲ್ಲದವರು ಹಿಂದಿನ ವಾರ ಒಂದೆರಡು ಸಲ ಕಂಪ್ಯೂಟರಿನ ಮುಂದೆ ಕೂತು ಬನ್ನಿ. ಮೊಬೈಲಿನಲ್ಲೇ ಕೋರ್ಸ್ ಮುಗಿಸಿದ ಮಕ್ಕಳು ಅಲ್ಲಿ ಮೌಸ್ ಜೊತೆ ಒದ್ದಾಡುವುದುಂಟು.

ಎನ್‌ಪಿಟೆಲ್ ಅಲ್ಲದ ಸ್ವಯಂ ಕೋರ್ಸಾದರೆ ಪರೀಕ್ಷೆ ನಡೆಸುವವರು, ಶುಲ್ಕ, ಅಂಕದ ಲೆಕ್ಕ ಎಲ್ಲ ಬೇರೆ ಇರುತ್ತದೆ. ಕೋರ್ಸ್ ಪುಟದಲ್ಲಿ ಬರೆದದ್ದೇ ಕೊನೆಯ ಮಾತು.

ಹಂತ 11: ಸರ್ಟಿಫಿಕೇಟ್ ಮತ್ತು ಕ್ರೆಡಿಟ್

ಎನ್‌ಪಿಟೆಲ್‌ನಲ್ಲಿ ಒಟ್ಟು 60 ಮುಟ್ಟಿದರೆ 'ಎಲೀಟ್', 75 ಮುಟ್ಟಿದರೆ ಬೆಳ್ಳಿ, 90 ಮುಟ್ಟಿದರೆ ಚಿನ್ನ ಎಂದು ಸರ್ಟಿಫಿಕೇಟಿನಲ್ಲಿ ಬರುತ್ತದೆ. ಅಂಚೆಯಲ್ಲಿ ಮನೆಗೆ ಬರುವುದಿಲ್ಲ, ತಾಣದಿಂದ ನೀವೇ ಇಳಿಸಿಕೊಳ್ಳಬೇಕು. ಇಳಿಸಿದ ಕೂಡಲೇ ಹೆಸರಿನ ಕಾಗುಣಿತ ನೋಡಿ, ಎರಡು ಕಡೆ ಉಳಿಸಿಡಿ. "ನಿಮ್ಮ ಸರ್ಟಿಫಿಕೇಟ್ ಸಿದ್ಧವಾಗಿದೆ, ಸಂಸ್ಕರಣಾ ಶುಲ್ಕ ಕಟ್ಟಿ" ಎಂದು ಯಾರಾದರೂ ಫೋನ್ ಮಾಡಿದರೆ, ಒಟಿಪಿ ಕೇಳಿದರೆ, ಅದು ಮೋಸ. ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಲಿಂಕುಗಳೂ ಅದೇ ಜಾತಿ. ಅಂಥ ಸುದ್ದಿಗಳನ್ನು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹಲವು ಸಲ ಸುಳ್ಳು ಎಂದು ಹೇಳಿದೆ.

ಕ್ರೆಡಿಟ್ ಬೇಕಾದ ಪದವಿ ವಿದ್ಯಾರ್ಥಿಗಳು ಈ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳಲ್ಲಿ 40 ಶೇಕಡದವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ಆದರೆ ನೀವು ಮಾಡಿದ ಯಾವುದೋ ಕೋರ್ಸ್ ತಾನಾಗಿ ಅಂಕಪಟ್ಟಿಗೆ ಸೇರುವುದಿಲ್ಲ. ಯಾವ ಕೋರ್ಸಿಗೆ ಎಷ್ಟು ಕ್ರೆಡಿಟ್ ಎಂದು ನಿಮ್ಮ ವಿಶ್ವವಿದ್ಯಾಲಯ ಮೊದಲೇ ಒಪ್ಪಿರಬೇಕು. ಸೆಮಿಸ್ಟರ್ ಶುರುವಾಗುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಕೋರ್ಸಿನ ಹೆಸರು, ವಾರ, ಸಂಯೋಜಕ ಸಂಸ್ಥೆ ಬರೆದು ಅರ್ಜಿ ಕೊಟ್ಟು, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. "ಆಯ್ತು, ಮಾಡಪ್ಪ" ಎಂದು ಕಾರಿಡಾರಿನಲ್ಲಿ ಹೇಳಿದ ಮಾತು ಆರು ತಿಂಗಳಾದ ಮೇಲೆ ಪರೀಕ್ಷಾ ವಿಭಾಗದಲ್ಲಿ ನಡೆಯುವುದಿಲ್ಲ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ನೀವು ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಖಾತೆ ಇಲ್ಲದಿದ್ದರೆ ಅದನ್ನೂ ಈಗಲೇ ಮಾಡಿಸಿ, ಅಲ್ಲಿಯ ಹೆಸರು ಮತ್ತು ಪರೀಕ್ಷೆಯ ಫಾರಂನ ಹೆಸರು ಒಂದೇ ಇರಲಿ.